ಹಿಂತಿರುಗಿ ಬಂದ ಕತ್ತಿ

ಸಲಮಾಂಕಾ ಸಮೀಪದ ಶಿಬಿರ
೧೪ ಮಾರ್ಚ್ ೧೮೧೧

ಪ್ರೀತಿಯ ಹೊನೊರೀನ್,

ನಿನ್ನ ಎರಡು ಪತ್ರಗಳಿಗೂ ಉತ್ತರಿಸಲಿಲ್ಲವೆಂದು ಸಿಟ್ಟಾಗಬೇಡ. ಈಗ ಬೇಕಾದಷ್ಟು ಬಿಡುವು ಸಿಕ್ಕಿದೆ, ಏಕೆಂದರೆ ನಿನ್ನ ಗಂಡ ಬಂಧನದಲ್ಲಿದ್ದಾನೆ. ಕತ್ತಿ ಕಿತ್ತುಕೊಂಡಿದ್ದಾರೆ. ಕತ್ತಿಯಿಲ್ಲದ ಜನರಲ್‌ಗೆ ಕಾವಲುಗಾರನೂ ಸಲಾಮು ಹೊಡೆಯುವುದಿಲ್ಲ. ಅದಿರಲಿ, ದ್ರಾಕ್ಷಿ ಬಳ್ಳಿ ಸವರುವ ಕೆಲಸ ಮುಗಿಯಿತೇ?

ನಡೆದದ್ದು ಇಷ್ಟು. ನಾವು ಕಾಯುತ್ತಿದ್ದ ಸೇತುವೆ ಬಿಟ್ಟು ಹಿಂದೆ ಸರಿಯಬೇಕೆಂದು ಮಾರ್ಷಲ್ ಸಾಹೇಬರ ಆಜ್ಞೆ ಬಂತು. ತಂದವನು ನಿನ್ನ ತಮ್ಮ, ಲೆಫ್ಟಿನೆಂಟ್ ಆರ್ಸೆನ್. ಸರಿದರೆ ನದಿಯಾಚೆಗಿದ್ದ ನಮ್ಮ ಗಾಯಾಳುಗಳೆಲ್ಲ ಶತ್ರುವಿನ ಪಾಲಾಗುತ್ತಿದ್ದರು. ಆಜ್ಞೆಯನ್ನು ಜೇಬಿಗಿಳಿಸಿ ಅಲ್ಲೇ ನಿಂತೆ. ಗೆದ್ದೆ. ಗೆದ್ದದ್ದೇ ತಪ್ಪಾಯಿತು. ಸೋತಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತೋ ಏನೋ. ಮಾತು ಮೀರಿ ಗೆದ್ದವನನ್ನು ಯಾವ ಮೇಲಧಿಕಾರಿ ಸಹಿಸುತ್ತಾನೆ?

ಮೊನ್ನೆ ಮಾರ್ಷಲ್ ಖುದ್ದಾಗಿ ಬಂದರು. ನಗುನಗುತ್ತಲೇ ಮಾತಾಡಿದರು.

"ಆಜ್ಞೆ ತಡವಾಗಿ ಬಂತು ಅಂತ ಹೇಳ್ಬಿಡ್ರಿ, ಗಾಸ್ಪಾರ್. ಕತ್ತಿ ವಾಪಸ್ ಕೊಡ್ತೀನಿ. ಇಲ್ಲಾಂದ್ರೆ ಗುಂಡೇ ಗತಿ."

ತಡವಾಯಿತೆಂದರೆ ತಂದವನ ತಲೆ ಹೋಗುತ್ತದಲ್ಲ ಎಂದೆ. ಸೈನ್ಯದಲ್ಲಿ ಲೆಫ್ಟಿನೆಂಟ್‌ಗಳಿಗೇನು ಬರವೇ ಎಂದರು.

"ಹೊತ್ತಿಗೆ ಸರಿಯಾಗೇ ಬಂತು. ಓದಿದೆ. ಸರಿ ಅನ್ನಿಸ್ಲಿಲ್ಲ" ಎಂದೆ.

ಅವರ ಕಿವಿ ಕೆಂಪಾದದ್ದನ್ನು ನೀನು ನೋಡಬೇಕಿತ್ತು. ಈ ನಾಲಿಗೆ ನನ್ನನ್ನು ಎಷ್ಟೋ ಸಲ ಫಜೀತಿಗೆ ಸಿಕ್ಕಿಸಿದೆ, ನಿನಗೇ ಗೊತ್ತು. ಈ ಸಲ ಮಾತ್ರ ಅದರ ಮೇಲೆ ನನಗೆ ಬೇಸರವಿಲ್ಲ. ಭಯವಿಲ್ಲವೆಂದರೆ ಸುಳ್ಳು. ಬಾಗಿಲ ಸದ್ದಾದರೆ ಎದ್ದು ನಿಲ್ಲುತ್ತೇನೆ.

ನಿನ್ನೆ ಆರ್ಸೆನ್ ಕಿಟಕಿಯ ಬಳಿ ಬಂದಿದ್ದ.

"ಭಾವ, ನನ್ನ ಹೆಸರು ಹೇಳ್ಬಿಡಿ. ನಾನಿಲ್ದಿದ್ರೂ ಅಕ್ಕಂಗೆ ನಡೆಯುತ್ತೆ, ನೀವಿಲ್ದಿದ್ರೆ ನಡೆಯಲ್ಲ."

ನಿನ್ನದೇ ಮೊಂಡುತನ, ನಿನ್ನದೇ ಗಲ್ಲ. ಚೆನ್ನಾಗಿ ಬೈದು ಅಟ್ಟಿದೆ.

ಮಕ್ಕಳ ತಲೆ ನೇವರಿಸಿ ನನ್ನ ಆಶೀರ್ವಾದ ತಿಳಿಸು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ಮಾತನ್ನೂ ಕೇಳದ ಗಂಡ,
ಗಾಸ್ಪಾರ್

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ನನ್ನ ಕತ್ತಿ ತಂದುಕೊಟ್ಟರು. ಕಾವಲುಗಾರ ಸಲಾಮು ಹೊಡೆದ. ನಾನು ಬೈದು ಅಟ್ಟಿದವನು ನೆಟ್ಟಗೆ ಮಾರ್ಷಲ್ ಹತ್ತಿರ ಹೋಗಿ, ದಾರಿಯಲ್ಲಿ ಕುಡಿದು ಮಲಗಿದ್ದೆ, ಅದಕ್ಕೇ ಆಜ್ಞೆ ತಡವಾಯಿತು ಎಂದು ಹೇಳಿಬಿಟ್ಟಿದ್ದಾನೆ. ವೈನಿನ ವಾಸನೆಗೇ ತಲೆನೋವು ಬರಿಸಿಕೊಳ್ಳುವ ನಮ್ಮ ಆರ್ಸೆನ್. ಅವನಿಗೆ ಗುಂಡಿಕ್ಕುವವರು ಅಂಗಳದಲ್ಲಿ ಸಾಲು ನಿಲ್ಲುತ್ತಿದ್ದಾರೆ. ನಾನು ಬಾಯಿ ಮುಚ್ಚಿಕೊಂಡಿರಬೇಕೆಂದು ಆಜ್ಞೆಯಾಗಿದೆ.

ಆಜ್ಞೆ ಹೊತ್ತಿಗೇ ಬಂತೆಂದು ಸೈನಿಕರೆಲ್ಲರ ಎದುರು ಹೇಳಿ ಕತ್ತಿ ವಾಪಸ್ ಕೊಡಲು ಹೋಗುತ್ತಿದ್ದೇನೆ, ಹೊನೊರೀನ್. ಆರ್ಸೆನ್ ಒಬ್ಬನೇ ಮನೆಗೆ ಬಂದರೆ ಏನೂ ಕೇಳಬೇಡ. ಮೊದಲು ಊಟಕ್ಕೆ ಹಾಕು.