ಯಾರ ಡಬ್ಬಿಯೂ ಹೊಸ್ತಿಲು ದಾಟಬಾರದು

ರವೀಂದ್ರನಗರ, ಶಿವಮೊಗ್ಗ
೧೨-೭-೨೦೦೪

ಪ್ರೀತಿಯ ಮಗಳು ತನುಜಾಳಿಗೆ,

ಹೇಗಿದ್ದೀಯ? ವಾಂತಿ ನಿಂತಿತೇ? ಕಾಲು ಊದಿಕೊಂಡಿದೆ ಎಂದು ಬರೆದಿದ್ದೆಯಲ್ಲ, ಉಪ್ಪು ಕಡಿಮೆ ಮಾಡು, ಕಾಲು ಇಳಿಬಿಟ್ಟುಕೊಂಡು ಕೂರಬೇಡ. ಭದ್ರಾವತಿಯಲ್ಲಿ ಸೊಳ್ಳೆ ಜಾಸ್ತಿ, ಪರದೆ ಕಟ್ಟಿಕೋ. ಇಷ್ಟು ಬುದ್ಧಿಮಾತು ಅಲ್ಲಿ ಯಾರಾದರೂ ಹೇಳುತ್ತಾರೋ ಇಲ್ಲವೋ. ಏಳು ತಿಂಗಳು ತುಂಬಿತು, ಚೊಚ್ಚಲು, ಬಾಣಂತನಕ್ಕೆ ತವರಿಗೆ ಬರಲೇ ಎಂದು ಕೇಳಿದ್ದೀಯ. ನಿನ್ನ ಅಪ್ಪ ಓದಿ ಓದಿ ಆ ಕಾಗದ ಮಡಿಕೆಯಲ್ಲೇ ಹರಿದುಹೋಗಿದೆ. ಉತ್ತರ ಬರೆಯುತ್ತೇನೆ, ಅವಸರ ಪಡಬೇಡ. ನೀನು ಹೋದಾಗಿನಿಂದ ನಾನು ಕಾದಿಲ್ಲವೇ? ಮೊದಲು ನಮ್ಮ ಖಾನಾವಳಿಯ ಸುದ್ದಿ ಕೇಳು.

ಈಗ ಕೂತು ಉಣ್ಣುವವರಿಗಿಂತ ಪಾರ್ಸೆಲ್ ಗಿರಾಕಿಗಳೇ ಹೆಚ್ಚು. ನೀನಿದ್ದಾಗ ಅವರವರ ಡಬ್ಬಿ ಅವರೇ ತರುತ್ತಿದ್ದರು, ನಾವು ಒಳಗೆ ಒಯ್ದು ತುಂಬಿ ಕೊಡುತ್ತಿದ್ದೆವು. ನೀನು ಹೋದ ಮಾರನೆಯ ದಿನವೇ ಅದನ್ನು ನಿಲ್ಲಿಸಿದೆ. ಇನ್ನು ಯಾರ ಡಬ್ಬಿಯೂ ನನ್ನ ಅಡುಗೆಮನೆಯ ಹೊಸ್ತಿಲು ದಾಟಬಾರದು. ಯಾಕೆ ಎಂದು ಗಿರಾಕಿಗಳು ಕೇಳಿದರೆ ಏನು ಹೇಳಲಿ? ಗೋಪಾಳದಲ್ಲಿ ರೂಮು ಮಾಡಿಕೊಂಡಿದ್ದ ಭದ್ರಾವತಿಯ ಫಿಟ್ಟರೊಬ್ಬ ದಿನಾ ಸ್ಟೀಲ್ ಡಬ್ಬಿ ಹಿಡಿದು ಬರುತ್ತಿದ್ದ, ನನ್ನ ಮಗಳು ಅದನ್ನು ತಾನೇ ತೊಳೆದು, ರೊಟ್ಟಿಯ ಕೆಳಗೆ ಬೆಣ್ಣೆ ಬಚ್ಚಿಟ್ಟು ಕೊಡುತ್ತಿದ್ದಳು, ಕೊನೆಗೊಂದು ದಿನ ಡಬ್ಬಿಯ ಹಿಂದೆ ತಾನೂ ಹೋದಳು ಎಂದು ಹೇಳಲೇ? ಅವನು ಯಾವ ಜನ ಎಂದು ನಾನು ವಿಚಾರಿಸಿರಲಿಲ್ಲ. ಅನ್ನ ಹಾಕುವಾಗ ಜಾತಿ ಕೇಳಬಾರದು ಎನ್ನುವ ಮನೆತನ ನಮ್ಮದು. ಮಗಳನ್ನು ಕೊಡುವುದಕ್ಕೂ ಅದೇ ಲೆಕ್ಕ ಎಂದು ನೀನು ತಿಳಿದೆ.

ಹಾಗಾಗಿ ಯಾವುದರಲ್ಲಿ ಕಟ್ಟಿಕೊಡಬೇಕು ಎನ್ನುವುದೇ ದೊಡ್ಡ ತಲೆನೋವಾಯಿತು. ಮುತ್ತುಗದ ಎಲೆಯಲ್ಲಿ ರೊಟ್ಟಿ, ಪಲ್ಯ ಕಟ್ಟಬಹುದು. ಆದರೆ ಮೇಲೆ ಸುತ್ತಿದ ಪೇಪರು ಎಣ್ಣೆಗಾಯಿಯ ಎಣ್ಣೆ ಹೀರಿಕೊಂಡು ನಿನ್ನೆಯ ಸುದ್ದಿಯೆಲ್ಲ ರೊಟ್ಟಿಗೆ ಅಂಟುತ್ತದೆ. ಸಾರನ್ನು ಪ್ಲಾಸ್ಟಿಕ್ ಕವರಿಗೆ ಹುಯ್ದು ದಾರ ಕಟ್ಟಿದರೆ ಬಿಸಿಗೆ ಮೆತ್ತಗಾಗುತ್ತದೆ. ನವುಲೆಯ ಮೇಷ್ಟ್ರೊಬ್ಬರು ಅದನ್ನು ಸ್ಕೂಟರಿನ ಹ್ಯಾಂಡಲ್ಲಿಗೆ ನೇತುಹಾಕಿ, ತೊಡೆ ಸುಟ್ಟುಕೊಂಡು, ವಾಪಸ್ ಬಂದು ನನ್ನ ಮೇಲೆ ಕೂಗಾಡಿದರು. ಅಲ್ಯೂಮಿನಿಯಂ ಡಬ್ಬಿ ನೋಡಲು ಚೆಂದ, ಆದರೆ ಹುಣಸೆಹುಳಿ ಬಿದ್ದ ಸಾರು ಸಂಜೆಯವರೆಗೆ ಅದರಲ್ಲೇ ಉಳಿದರೆ ರುಚಿ ಕೆಡುತ್ತದೆ. ಅಡಿಕೆ ಹಾಳೆಯ ತಟ್ಟೆ ಗಟ್ಟಿ, ಮುಚ್ಚಳವೇ ಇಲ್ಲ. ನಿನ್ನ ಅಪ್ಪನದು ಮಾತ್ರ ಒಂದೇ ರಾಗ, "ಸ್ಟೀಲ್‌ಗಿಂತ ಒಳ್ಳೇದು ಯಾವ್ದಿದೆ ಮಾರಾಯ್ತಿ? ಕೊಟ್ಟಿದ್ದು ವಾಪಸ್ ಬರುತ್ತೆ." ವಾಪಸ್ ಬರುವುದೇ ಅದರ ದೋಷ ಎಂದು ಅವರಿಗೆ ಹೇಗೆ ತಿಳಿಸಲಿ? ಯಾರ ಮನೆಯ ಎಂಜಲಿನಲ್ಲಿ ಅದ್ದಿ ಬಂದಿದೆಯೋ, ಬಲ್ಲವರು ಯಾರು? ಸ್ಟೀಲ್ ಕ್ಯಾರಿಯರ್ ನಮ್ಮವರಿಗೆ ಮಾತ್ರ, ಹೊರಗಿನವರಿಗೆ ಎಸೆಯುವ ಡಬ್ಬಿ ಎಂದು ತೀರ್ಮಾನ ಮಾಡಿಬಿಟ್ಟೆ.

ಥರ್ಮಾಕೋಲ್ ಡಬ್ಬಿಯ ಪರೀಕ್ಷೆಗೆ ನಿನ್ನ ಗಂಡನೇ ಸಿಕ್ಕಿದ. ನಿನಗೆ ಹೇಳಿದನೋ ಇಲ್ಲವೋ, ಮರ್ಯಾದಸ್ಥ, ಹೇಳಿರಲಾರ. ಹೋದ ಸೋಮವಾರ ಮಧ್ಯಾಹ್ನ ಬಿಳಿ ಶರ್ಟು ಹಾಕಿಕೊಂಡು ಬಂದ. ಕೈಯಲ್ಲಿ ಅವನ ತಾಯಿ ದುರ್ಗಮ್ಮ ಕೊಟ್ಟು ಕಳಿಸಿದ ಸ್ಟೀಲ್ ಡಬ್ಬಿ, ಅದರ ತುಂಬ ಕೊಬ್ಬರಿ ಮಿಠಾಯಿ. ಕೌಂಟರಿನ ಮುಂದೆ ನಿಂತು, "ಅತ್ತೆ, ತನು ದಿನಾ ಅಳ್ತಾಳೆ. ಒಂದ್ಸಲ ಬಂದು ಕರ್ಕೊಂಡ್ ಹೋಗಿ" ಎಂದ. ಗಿರಾಕಿಗಳೆಲ್ಲ ಕೈಯಲ್ಲಿದ್ದ ತುತ್ತು ಮರೆತು ನೋಡುತ್ತಿದ್ದರು. ನಾನು, "ಪಾರ್ಸೆಲ್ಲಾ? ಇಲ್ಲೇ ತಿಂತೀರಾ?" ಎಂದು ಕೇಳಿದೆ. ಪಾಪ, ಅವನು ಮಿಠಾಯಿ ಡಬ್ಬಿಯನ್ನು ನನ್ನ ಮುಂದೆ ಸರಿಸಿದ. ಒಲೆಯಿಂದ ಆಗಷ್ಟೇ ಇಳಿಸಿದ ಎಣ್ಣೆಗಾಯಿಯನ್ನು ಥರ್ಮಾಕೋಲಿಗೆ ತುಂಬಿ ಕೈಗಿಟ್ಟೆ. ಕುದಿಯುವ ಎಣ್ಣೆ ಹಾಕಬೇಡಿ, ತಳ ಕರಗುತ್ತದೆ ಎಂದು ಡಬ್ಬಿ ತಂದುಕೊಟ್ಟವನು ಮೊದಲೇ ಹೇಳಿದ್ದ. ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಶರ್ಟಿನ ಮೇಲೆಲ್ಲ ಇಳಿದಿತ್ತಂತೆ, ನೋಡಿದವರು ಬಂದು ಹೇಳಿದರು. ಅವತ್ತು ನಾನು ಒಂದು ರೊಟ್ಟಿ ಹೆಚ್ಚಿಗೆ ಉಂಡೆ. ಥರ್ಮಾಕೋಲ್ ನಮಗಾಗುವುದಿಲ್ಲ ಎಂದೂ ಖಾತ್ರಿಯಾಯಿತು.

ಮಿಠಾಯಿಯನ್ನು ಒಳಗೆ ತರಲಿಲ್ಲ, ಕೌಂಟರಿನ ಮೇಲಿಟ್ಟು ಹೋಗಿಬರುವವರಿಗೆಲ್ಲ ಹಂಚಿಸಿದೆ. ಚೆನ್ನಾಗಿತ್ತಂತೆ. ನಿನ್ನ ಅಪ್ಪ ಒಂದು ತುಂಡು ಬಾಯಿಗೆ ಹಾಕಿಕೊಂಡು, ನನ್ನ ಮುಖ ನೋಡಿ, ಅಗಿಯುವುದನ್ನೇ ನಿಲ್ಲಿಸಿದರು. ಆ ಡಬ್ಬಿಯ ಮೇಲೆ ದುರ್ಗಮ್ಮನವರ ಹೆಸರು ಕೊರೆಸಿದೆ, ಮದುವೆಯಲ್ಲಿ ಬಂದದ್ದಿರಬೇಕು. ಮನೆಗೆ ಬಂದ ಡಬ್ಬಿಯನ್ನು ಬರಿದಾಗಿ ಕಳಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು ಎಂದು ನಿನಗೆ ಕಲಿಸಿದವಳು ನಾನೇ. ಈ ಕಾಗದದ ಜೊತೆ ಭದ್ರಾವತಿ ಬಸ್ಸಿನ ಕಂಡಕ್ಟರ್ ಮುರುಗೇಶಪ್ಪನ ಕೈಯಲ್ಲಿ ಅದನ್ನೂ ಕಳಿಸುತ್ತಿದ್ದೇನೆ. ಮುಚ್ಚಳ ತೆಗೆದು ಹುಡುಕಬೇಡ, ಒಳಗೆ ಏನೂ ಹಾಕಿಲ್ಲ.

ನನ್ನದು ಕಲ್ಲುಮನಸ್ಸು ಎಂದುಕೊಳ್ಳುತ್ತೀಯ. ಅಲ್ಲ ತನು. ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಹಿಟ್ಟು ನಾದಲು ನೀನಿಲ್ಲ ಎಂದು ನೆನಪಾಗದ ದಿನವಿಲ್ಲ. ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ ಉರಿ ನಿನಗೂ ಸ್ವಲ್ಪ ತಾಗಲಿ ಅನ್ನಿಸುತ್ತದೆ. ಹೆತ್ತವಳು ಹೀಗೆ ಬರೆಯಬಾರದು, ಆದರೆ ಅನ್ನಿಸುವುದು ಹಾಗೇ.

ಅಂತೂ ಕೊನೆಗೆ ಗಾಂಧಿಬಜಾರಿನಲ್ಲಿ ಬಿಳಿ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಬಿಸಿಗೆ ಜಗ್ಗುವುದಿಲ್ಲ, ಮುಚ್ಚಳ ಟಪ್ಪೆಂದು ಕೂರುತ್ತದೆ, ತಲೆಕೆಳಗು ಮಾಡಿದರೂ ಸಾರು ಸೋರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಒಮ್ಮೆ ಕೊಟ್ಟ ಮೇಲೆ ಮರೆತುಬಿಡಬಹುದು. ಅದು ಯಾರ ಮನೆ ಸೇರಿತು, ಅದರಲ್ಲಿ ಯಾರು ಉಂಡರು, ಯಾವುದೂ ನನಗೆ ಬೇಡ. ಮೂಟೆಗಟ್ಟಲೆ ತರಿಸಿದ್ದೇನೆ.

ಭಾರ ಎತ್ತಬೇಡ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ನಿನ್ನ ಅತ್ತೆಗೆ ನಮಸ್ಕಾರ ತಿಳಿಸಬೇಕೆಂದು ನಿನ್ನ ಅಪ್ಪ ಪಕ್ಕದಲ್ಲಿ ಕೂತು ಗೋಗರೆಯುತ್ತಿದ್ದಾರೆ, ಅವರ ಪಾಲಿನದು ತಿಳಿಸು. ಹುಟ್ಟುವ ಕೂಸು ಗಟ್ಟಿಮುಟ್ಟಾಗಿರಲಿ, ನೂರು ಕಾಲ ಬಾಳಲಿ, ನಿನ್ನ ಹೊಟ್ಟೆ ಉರಿಸದಿರಲಿ.

ಎರಡು ಜೀವ ಸುಖವಾಗಿ ಬೇರೆಯಾಗಲಿ ಎಂದು ಹರಸುವ
ನಿನ್ನ ಅಮ್ಮ
ಜಗದಾಂಬಾ

ತಾ.ಕ.: ಮುರುಗೇಶಪ್ಪ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಬಾಣಂತನದ ವಿಷಯ ಬರೆಯುವುದೇ ಮರೆತಿದ್ದೆ. ಬರಬೇಡ. ನಿನ್ನ ಕೋಣೆಯಲ್ಲಿ ಡಬ್ಬಿಯ ಮೂಟೆ ಪೇರಿಸಿದ್ದೇನೆ, ಮಂಚ ಹಾಕಲು ಜಾಗವಿಲ್ಲ. ಆದರೆ ಬಾಣಂತಿಯ ಊಟ ನನ್ನ ಕೈಯದೇ ಆಗಲಿ. ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ಬಿಸಿ ರೊಟ್ಟಿ, ದಿನಾ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಬಿಳಿ ಡಬ್ಬಿಯಲ್ಲಿ ಬರುತ್ತದೆ. ಉಂಡು ಅಲ್ಲೇ ಎಸೆದುಬಿಡು, ತೊಳೆದು ವಾಪಸ್ ಕಳಿಸಬೇಡ.