ಮೂಗು ಸತ್ತ ಅಲಾರಂ

ಲೆಸ್ಟರ್
ನವೆಂಬರ್ ೧೯

ಮುನಿಸಿಕೊಂಡ ನನ್ನ ಅಜ್ಜನಿಗೆ,

ನಿನ್ನ ಕಾಸ್ಯಾಳ ಒಂದು ಗಟ್ಟಿ ಅಪ್ಪುಗೆ. ನಮ್ಮ ನಾಯಿ ಟಗ್‌ನ ಕಿವಿಯ ಹಿಂದೆ ನನ್ನ ಲೆಕ್ಕದಲ್ಲಿ ಸ್ವಲ್ಪ ಕೆರೆದುಬಿಡು. ನೀನು ಫೋನ್ ಎತ್ತುತ್ತಿಲ್ಲ. ಪಕ್ಕದ ದೋಣಿಯ ಹೆಸ್ಟರ್‌ಳನ್ನು ಕೇಳಿದರೆ, "ದೋಣಿ ಮೇಲೆ ಕೂತ್ಕೊಂಡು ಬಾತುಕೋಳಿಗಳನ್ನ ಬೈತಿದ್ದಾನೆ ಕಣೇ, ಗಟ್ಟಿಯಾಗೇ ಇದ್ದಾನೆ" ಅಂದಳು. ಅದಕ್ಕೇ ಈ ಕಾಗದ. ಸುಟ್ಟುಹಾಕೋಣವೆಂದರೆ ನಿನ್ನ ಒಲೆಯೂ ಉರಿಯುತ್ತಿಲ್ಲ. ಓದಲೇಬೇಕು.

ಒಲೆ ಆರಿಸಿದ್ದಕ್ಕೆ ಹೆಸ್ಟರ್‌ಳನ್ನು ಬೈಯಬೇಡ, ನನ್ನನ್ನು ಬೈ. ಅವಳು ನಿನ್ನ ಬಾಗಿಲು ಬಡಿದದ್ದು, ಕೆಂಡವನ್ನೆಲ್ಲ ಬಕೆಟ್ಟಿಗೆ ಎಳೆದು ಹೊರಗಿಟ್ಟದ್ದು, ನಾನು ರೈಲಿನಿಂದ ಫೋನ್ ಮಾಡಿ ಅತ್ತಿದ್ದರಿಂದ. ಅಕ್ಟೋಬರಿನಲ್ಲಿ ಹಚ್ಚಿದ ಒಲೆ ಏಪ್ರಿಲ್‌ವರೆಗೆ ಆರಕೂಡದು, ಆರಿದರೆ ಕಾಲುವೆಯವರಿಗೆ ಮೂಗು ಕೊಯ್ದ ಹಾಗೆ ಎಂದು ನನಗೆ ಗೊತ್ತಿಲ್ಲವೇ? ಹಾಸ್ಟೆಲ್ ಶಾಲೆಯ ರಜೆಗಳನ್ನೆಲ್ಲ ಆ ಒಲೆಯ ಪಕ್ಕದಲ್ಲೇ ಕಳೆದವಳು ನಾನು. ನಿನ್ನ ಹೊಗೆಕೊಳವೆ ನವೆಂಬರಿನಲ್ಲೇ ತಣ್ಣಗಾದದ್ದನ್ನು ಇಡೀ ದಂಡೆ ನೋಡಿತು. ಆದರೂ ನನ್ನ ಮಾತು ಕೇಳು.

ಭಾನುವಾರ ತಿಂಡಿಯಾದ ಮೇಲೆ ನೀನು ಎಂದಿನಂತೆ ಸೌಟಿನ ಹಿಡಿಯಿಂದ, ಒಲೆಯ ವಿಷಗಾಳಿ ಸೋರಿದರೆ ಕೂಗುವ ಆ ಅಲಾರಮ್ಮಿನ ಗುಂಡಿ ಒತ್ತಿದೆ. ಅದು ಕಿರುಚಿತು. "ನಿಮ್ಮಜ್ಜಿಗಿಂತ ಒಳ್ಳೇ ಗಂಟಲು ನೋಡು" ಅಂತ ನಕ್ಕಿದ್ದು ನೀನೇ. ವಾರ ತಪ್ಪದೆ ಒತ್ತುತ್ತೀಯ, ಆ ಶಿಸ್ತು ನನಗೆಲ್ಲಿ ಬರಬೇಕು. ಧೂಳು ಒರೆಸೋಣ ಅಂತ ನಾನು ಅದನ್ನು ಕೆಳಗಿಳಿಸಿ ತಿರುಗಿಸಿದೆ. ಯಾವಾಗ ಬದಲಾಯಿಸಬೇಕು ಅನ್ನುವುದು ಅದರ ಬೆನ್ನ ಮೇಲೆ ಅಚ್ಚಾಗಿತ್ತು. ಆ ವರ್ಷ ಕಳೆದು ಎಷ್ಟೋ ಚಳಿಗಾಲ ಆಗಿಹೋಗಿತ್ತು.

ಗುಂಡಿ ಒತ್ತಿದರೆ ಗೊತ್ತಾಗುವುದು ಬ್ಯಾಟರಿ ಮತ್ತು ಗಂಟಲು ಮಾತ್ರ ಅಜ್ಜ, ವಿಷಗಾಳಿಯನ್ನು ಮೂಸುವ ಮೂಗು ಒಳಗೆ ಬೇರೆಯೇ ಇದೆ, ಅದಕ್ಕೆ ವಯಸ್ಸಾಗುತ್ತದೆ, ಅದು ಸತ್ತರೂ ಗಂಟಲು ಕಿರುಚುತ್ತಲೇ ಇರುತ್ತದೆ ಅಂತ ನಾನು ಹೇಳಿದೆ. ನಿನ್ನ ಉತ್ತರ: "ವಯಸ್ಸಾಯ್ತು ಅಂತ ಬಿಸಾಕೋದಾದ್ರೆ ಮೊದಲು ನನ್ನ ಕಾಲುವೆಗೆ ತಳ್ಳು." ಸಾಲದೆಂಬಂತೆ, "ಅರ್ಧ ಇಂಗ್ಲಿಷು, ಅರ್ಧ ಪೋಲಿಷು, ಪೂರ್ತಿ ಗಾಬರಿ" ಅಂತ ಬೇರೆ. ನಾನೂ ನಕ್ಕು ರೈಲು ಹತ್ತಿದೆ.

ನಿನ್ನ ದೋಣಿಯಲ್ಲಿದ್ದ ಎರಡು ದಿನವೂ ನನ್ನ ತಲೆ ಭಾರವಾಗಿತ್ತು, ನಿನಗೆ ಹೇಳಿರಲಿಲ್ಲ. ಪರೀಕ್ಷೆಯ ಹೆದರಿಕೆ ಅಂದುಕೊಂಡಿದ್ದೆ. ಕಾಲೇಜು ಹತ್ತಿರವಾದಷ್ಟೂ ನನ್ನ ತಲೆನೋವು ಏರುವುದೇ ವಾಡಿಕೆ. ಅವತ್ತು ರೈಲಿನಲ್ಲಿ ಅದು ಇಳಿಯಿತು. ಆಗ ಹೊಳೆಯಿತು. ಬೆಳಗ್ಗೆ ನಿನ್ನ ತಲೆ ಸಿಡಿಯುವುದು, ಅದಕ್ಕೆ ನೀನು ಕನ್ನಡಕವನ್ನು ಬೈಯುವುದು, ದಂಡೆಯ ಮೇಲೆ ಅಡ್ಡಾಡಿದರೆ ವಾಸಿಯಾಗುವುದು, ಟಗ್ ಒಳಗೆ ಮಲಗಲು ಒಲ್ಲೆ ಅನ್ನುವುದು. ಮತ್ತೆ ಆ ಚಾವಣಿಯ ಗಾಳಿಕಿಂಡಿ! ಕುತ್ತಿಗೆಗೆ ಚಳಿ ಹೊಡೆಯುತ್ತದೆ ಅಂತ ಉಣ್ಣೆ ಕಾಲುಚೀಲ ತುರುಕಿದ್ದೀಯಲ್ಲ. "ಈ ಕಾಲುವೇಲಿ ಯಾವ ದೋಣಿ ಕಿಂಡೀಲಿ ಕಾಲುಚೀಲ ಇಲ್ಲ ತೋರ್ಸು" ಅನ್ನುತ್ತೀಯ, ಗೊತ್ತು. ತಕ್ಷಣ ಫೋನ್ ತೆಗೆದೆ. ನಿನಗೆ ಮಾಡಿದೆ, ನೀನು ಎತ್ತಲಿಲ್ಲ. ಇನ್ಯಾರಿಗೆ ಮಾಡಲಿ?

ಹೆಸ್ಟರ್ ತನ್ನ ಅಲಾರಂ ಹಿಡಿದುಕೊಂಡೇ ನಿನ್ನ ಮೆಟ್ಟಿಲು ಇಳಿದಳಂತೆ. ಅದು ಕಿರುಚಿತು. ನಿನ್ನದು ಹಸಿರು ದೀಪ ಮಿನುಗಿಸುತ್ತಾ ಸುಮ್ಮನೆ ಕೂತಿತ್ತಂತೆ. "ಕ್ಲೆಮ್, ಕೋಟು ಗೀಟು ಆಮೇಲೆ, ಏಳು ಮೇಲಕ್ಕೆ" ಅಂತ ಅವಳು ಎಳೆದರೆ, "ನನ್ನ ಒಲೆ ಯಾರೇ ನೋಡ್ಕೊಳ್ಳೋರು?" ಅಂದೆಯಂತೆ. ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಹಿಡಿದಾಗಲೂ ಅದನ್ನೇ ಕೇಳುತ್ತಿದ್ದೆಯಂತೆ.

ಇನ್ನೊಂದು ಮಾತನ್ನೂ ಹೇಳಿದಳು. "ಇವಳೂ ಅವರಪ್ಪನ ಮಗಳೇ. ನನ್ನ ದಡ ಹತ್ತಿಸಿ ಯಾವ್ದೋ ಫ್ಲಾಟಲ್ಲಿ ಕೂಡಿಹಾಕೋ ಪ್ಲಾನು" ಅಂದೆಯಂತಲ್ಲ. ಬೈಗುಳವೆಲ್ಲ ಸರಿ, ಇದು ಚುಚ್ಚಿತು. ನೀನು ದೋಣಿಯಲ್ಲೇ ಇರಬೇಕು ಅನ್ನುವವಳು ನಮ್ಮ ಮನೆಯವರಲ್ಲಿ ನಾನೊಬ್ಬಳೇ. ಇರಬೇಕಾದರೆ ಉಸಿರಾಡುತ್ತಲೂ ಇರಬೇಕು.

ಈ ಕಾಗದದ ಜೊತೆಗಿನ ಪೊಟ್ಟಣದಲ್ಲಿ ಹೊಸ ಅಲಾರಂ ಇದೆ. ಮಂಚದ ಪಕ್ಕ, ಮಲಗಿದರೆ ಮುಖದ ಮಟ್ಟಕ್ಕೆ ಬರುವ ಹಾಗೆ ಹಾಕು. ಭಾನುವಾರದ ಸೌಟಿನ ಸೇವೆ ನಡೆಯಲಿ, ಮೆತ್ತಗೆ. ಒಣಬಟ್ಟೆಯಲ್ಲಿ ಒರೆಸು, ಆ ನಿಂಬೆ ವಾಸನೆಯ ಪಾಲಿಶ್ ಮಾತ್ರ ಹತ್ತಿರ ತರಬೇಡ, ಮೂಗು ಕೆಡುತ್ತದೆ. ಆಗೊಮ್ಮೆ ಈಗೊಮ್ಮೆ ಕೀಚ್ ಅಂದರೆ ಬ್ಯಾಟರಿಗೆ ಹಸಿವು. ಬಿಡದೆ ಕಿರುಚಿದರೆ ಟಗ್‌ನನ್ನು ಕರೆದುಕೊಂಡು ಓಡು. ಹೊಗೆಕೊಳವೆ ಗುಡಿಸಿ, ಹೊಗೆ ಸೋರದಂತೆ ಒಲೆಯ ಬಾಗಿಲಿನ ಅಂಚಿಗೆ ಬೆಂಕಿ ತಾಳುವ ಹೊಸ ಹಗ್ಗ ಸುತ್ತುವವರೆಗೆ ಬೆಂಕಿ ಬೇಡ. ಕಾಲುಚೀಲ ಕಾಲಿಗೆ ಹಾಕಿಕೋ.

ಇಲ್ಲಿ ಎಲ್ಲ ಚೆನ್ನಾಗಿದೆ. ಊಟ ಪರವಾಗಿಲ್ಲ. ಗೆಳತಿಯರು ಬೇಕಾದಷ್ಟು.

ನಿನ್ನ ಸಿಟ್ಟು ಇಳಿಯುವುದನ್ನೇ ಕಾಯುತ್ತಿರುವ,
ಕಾಸ್ಯಾ

ಮರೆತಿದ್ದೆ: ಗೆಳತಿಯರು ಒಬ್ಬರೂ ಇಲ್ಲ. ಅಪ್ಪ ಕ್ರಿಸ್‌ಮಸ್‌ಗೆ ಆಬರ್ಡೀನಿಗೆ ಕರೆದಿದ್ದಾನೆ, ಬರುವುದಿಲ್ಲ ಅಂದೆ. ಒಲೆಯ ಪಕ್ಕದ ಮಂಚ ನನಗೆ ಬೇಕು. ಇಲ್ಲಿ ನನಗೆ ಸರಿಯಾಗಿ ನಿದ್ದೆಯೇ ಬರುವುದಿಲ್ಲ, ನಿನ್ನ ದೋಣಿಯಲ್ಲಿ ಮಾತ್ರ ನೀನು ತಲೆಯ ಮೇಲೆ ಕೂಗಿದರೂ ಏಳುವುದಿಲ್ಲ. ಅಲಾರಂ ನಿನಗೆ ಬೇಡವಾದರೆ ಬೇಡ. ನನಗೋಸ್ಕರ ಅದಕ್ಕೊಂದು ಮೊಳೆ ಹೊಡೆ.