ಅಟ್ಟಕ್ಕೆ ಹೋದ ಹೊಗೆ

ಶ್ರೀ ಗುರು ಬಸವಲಿಂಗಾಯ ನಮಃ

ಮಾಲೇಕಲ್ಲು, ಅರಸೀಕೆರೆ ತಾಲ್ಲೂಕು
೨೮-೧೦-೧೯೫೮

ಚಿ. ಸೌ. ನೀಲಾಂಬಿಕೆಗೆ ನಿನ್ನ ಅತ್ತೆ ವಿಶಾಲಮ್ಮ ಮಾಡುವ ಮನಃಪೂರ್ವಕ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಕೂಸೂ ಹೇಗಿದ್ದೀರಿ? ನಿನ್ನ ಕೆಮ್ಮು ಪೂರ್ತಿ ನಿಂತಿತೋ, ಇಲ್ಲ ಬೆಳಗಿನ ಜಾವ ಈಗಲೂ ಕಾಡುತ್ತದೋ? ಮುಚ್ಚಿಡದೆ ಬರೆ. ಕಾಳುಮೆಣಸಿನ ಕಷಾಯ ಬಿಡಬೇಡ. ಕೂಸು ಮುಖ ನೋಡಿ ನಗುತ್ತಾಳೆಂದು ನಿಮ್ಮನ್ನು ನೋಡಿಕೊಂಡು ಹಳೇಬೀಡಿನಿಂದ ಬಂದ ನನ್ನ ಮಗ ಇಂದುಧರ ಹೇಳಿದ. ಮೂಗು ಯಾರದೆಂದರೆ ನಿಮ್ಮ ತಾಯಿಯದಂತೆ. ಇರಲಿ, ದೊಡ್ಡವಳಾಗುತ್ತಾ ಸರಿಹೋಗುತ್ತದೆ. ಇದನ್ನು ಅವರಿಗೆ ಓದಿ ಹೇಳಬೇಡ.

ಆ ಹೊಗೆಯಿಲ್ಲದ ಒಲೆ ಏನಾಯಿತು ಎಂದು ನೀನು ಎರಡು ಸಲ ಕೇಳಿದೆ. ಎರಡು ಸಲವೂ ನಾನು ಮಾತು ಹಾರಿಸಿದೆ. ಈಗ ಎಲ್ಲ ಬರೆಯುತ್ತೇನೆ. ನಿನ್ನನ್ನು ಬಾಣಂತನಕ್ಕೆ ಕರೆದೊಯ್ಯಲು ಬಂದಾಗ ನಿಮ್ಮ ತಾಯಿ ನಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ಅಂದ ಮಾತು ನಿನಗೆ ನೆನಪಿದೆ. "ಈ ಹೊಗೆಗೂಡಿಗೆ ನನ್ನ ಮಗಳನ್ನ ಹಸುಗೂಸಿನ ಜೊತೆ ತಿರುಗಿ ಕಳಿಸ್ತೀನಿ ಅನ್ಕೋಬೇಡಿ ಬೀಗಿತ್ತಿ." ನನಗೆ ಆಗ ಮೈಯೆಲ್ಲ ಉರಿದುಹೋಯಿತು. ಆದರೆ ನೀನು ಸೆರಗು ಬಾಯಿಗಿಟ್ಟು ಕೆಮ್ಮುತ್ತಲೇ ಗಾಡಿ ಹತ್ತಿದ್ದನ್ನು ನೋಡಿದ ಮೇಲೆ ಅವರನ್ನು ಬೈಯಲು ಬಾಯಿ ಬರಲಿಲ್ಲ. ಅದಕ್ಕೇ ಗ್ರಾಮಸೇವಿಕೆ ಕೋಮಲವಲ್ಲಿ ಒಲೆಯ ಮಾತು ತೆಗೆದ ಕೂಡಲೇ ಮೊದಲು ನಮ್ಮ ಮನೆಗೇ ಹಾಕು ಎಂದೆ. ನಿನ್ನನ್ನೂ ಕೂಸನ್ನೂ ಮನೆ ತುಂಬಿಸಿಕೊಳ್ಳಲು ನನಗೆ ಬೇರೆ ದಾರಿ ಕಾಣಲಿಲ್ಲ.

ಆ ಹುಡುಗಿ ಬೇಲೂರಿನವಳು. ತಂದೆ ದೇವಸ್ಥಾನದ ಅಡಿಗೆಯವರು. ನಮ್ಮ ಜಗಲಿಯ ಮೇಲೆ ಹೆಂಗಸರಿಗೆ ಅಕ್ಷರ ಕಲಿಸುವವಳು ಅವಳೇ. ಇಷ್ಟಗಲ ಕಣ್ಣು, ಇಷ್ಟುದ್ದ ಜಡೆ, ಬೈದರೂ ನಗುತ್ತಾಳೆ. ಕೆಮ್ಮಣ್ಣು ಕಲಸಿ ಒಲೆ ಹಾಕಿ, ಕುಂಬಾರರ ಗಿಡ್ಡಮ್ಮನಿಂದ ಮಣ್ಣಿನ ಕೊಳವಿ ಮಾಡಿಸಿ, ಹೊಗೆಯನ್ನು ಹೆಂಚಿನ ಮೇಲಕ್ಕೆ ದಾಟಿಸಿದಳು. ಅಂದು ಒಲೆ ಮುಂದೆ ಕೂತು ರೊಟ್ಟಿ ತಟ್ಟಿದರೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ! ತೊಟ್ಟಿಲು ಶಾಸ್ತ್ರಕ್ಕೆ ಬಂದಾಗ ನಿಮ್ಮ ತಾಯಿಯ ಮುಂದೆ ನಾನು ಎಷ್ಟು ಜಂಬ ಕೊಚ್ಚಿದೆನೆಂದು ನೀನೇ ಕೇಳಿದ್ದೀ.

ಮಳೆಗಾಲ ಕಳೆಯುವ ಹೊತ್ತಿಗೆ ನಿಮ್ಮ ಮಾವನವರು ಅಟ್ಟ ಹತ್ತಿದರು. ವಾಡಿಕೆಯಂತೆ ಕೊಬ್ಬರಿಗೆ ಪೇರಿಸಿಟ್ಟ ಒಂದೊಂದೇ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಉರುಳುವ ಸದ್ದು ಬರಬೇಕಷ್ಟೆ. ಪಡಸಾಲೆಯ ಮೇಲಿನ ಕಾಯಿಗಳು ಹೇಗೋ ಇದ್ದವು, ಅಡಿಗೆಮನೆಯ ಮೇಲಿನವು, ಎಲ್ಲಕ್ಕಿಂತ ಮೊದಲು ಒಣಗಬೇಕಾದವು, ಮೂಕವಾಗಿದ್ದವು. ಒಂದನ್ನು ಸುಲಿದು ಒಡೆದರೆ ಕೊಬ್ಬರಿಯೂ ಅಲ್ಲ, ಕಾಯಿಯೂ ಅಲ್ಲ, ಲೋಳೆ, ಮುಗ್ಗಲು ವಾಸನೆ. ನೀನು ಈ ಮನೆಗೆ ಬಂದ ವರ್ಷ ಕೇಳಿದ್ದೆಯಲ್ಲ, ಅಡಿಗೆಮನೆಯ ನೆತ್ತಿಯ ಮೇಲೇ ಕಾಯಿ ಯಾಕೆ ಪೇರಿಸುತ್ತೀರಿ ಎಂದು? ಮಳೆಗಾಲದಲ್ಲಿ ಅವುಗಳನ್ನು ಒಣಗಿಸುವುದೇ ನಮ್ಮ ಒಲೆಯ ಹೊಗೆ. ಆ ಹೊಗೆಯನ್ನು ನಾವು ಜಾಣರಂತೆ ಆಕಾಶಕ್ಕೆ ಬಿಟ್ಟಿದ್ದೆವು. ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೇ ಇದು ಹೊಳೆಯಲಿಲ್ಲ, ಇನ್ನು ಬೇಲೂರಿನ ಹುಡುಗಿಗೆ ಹೇಗೆ ಹೊಳೆಯಬೇಕು? "ನಮ್ಮನೆ ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಬಿಟ್ರೆ ಏನೂ ಇಲ್ಲ ಅಮ್ಮಾ" ಎಂದು ಅವಳು ಅತ್ತೇಬಿಟ್ಟಳು.

ಮಾವನವರು ಕೂಗಾಡುವವರಲ್ಲ, ನಿನಗೆ ಗೊತ್ತು. ಒಡೆದ ಕಾಯಿಯನ್ನು ನನ್ನ ಮುಂದಿಟ್ಟು, "ನಿಂಗೆ ಕಣ್ಣೀರು ನಿಂತೋಯ್ತು, ನಂಗೆ ಶುರುವಾಯ್ತು ಕಣೇ" ಎಂದರು. ಒಲೆ ಕೀಳಿಸಿಯೇಬಿಡುತ್ತೇನೆ ಎಂದೂ ಸೇರಿಸಿದರು. ಊರ ಗಂಡಸರಿಗೆ ಇಷ್ಟು ಸಾಕಾಯಿತು. "ಹೆಂಗಸ್ರು ಓದಕ್ ಕೂತ್ರೆ ಹಿಂಗೇ ಆಗೋದು ಕಣ್ಲಾ" ಎಂದು ಚಿಕ್ಕಣ್ಣ ಅರಳಿಕಟ್ಟೆಯಲ್ಲಿ ಸಾರಿದ. ಮಾರನೆಯ ಸಂಜೆ ಜಗಲಿಗೆ ಸ್ಲೇಟು ಹಿಡಿದು ಬಂದವರು ಗಿಡ್ಡಮ್ಮ ಮತ್ತು ಮಾದಮ್ಮ ಇಬ್ಬರೇ. ನನಗೋ ಕೊಬ್ಬರಿಯ ಚಿಂತೆಗಿಂತ ನಿಮ್ಮ ತಾಯಿಯ ಚಿಂತೆ ಹೆಚ್ಚಾಗಿತ್ತು. ಒಲೆ ಕಿತ್ತರೆ ಯಾವ ಮುಖ ಹೊತ್ತು ನಿನ್ನನ್ನು ಕಳಿಸಿ ಎನ್ನಲಿ?

ಆ ಸಂಜೆ ಪಾಠ ನಡೆಯಲಿಲ್ಲ, ಜಗಳ ನಡೆಯಿತು. ಕೋಮಲವಲ್ಲಿ ಒಲೆಯ ಚಿತ್ರಪಟ ಬಿಚ್ಚಿಕೊಂಡು ತನ್ನ ತಪ್ಪು ಎಲ್ಲಿ ಎಂದು ಹುಡುಕುತ್ತಿದ್ದಳು. ಮಾವನವರು ಬಾಗಿಲಲ್ಲಿ ನಿಂತು, "ನನ್ ಅಟ್ಟಕ್ಕೆ ಹೊಗೆ ಬೇಕೇ ಬೇಕು" ಎಂದರು. ನನಗೆ ರೇಗಿತು. "ಬೇಕಾದ್ರೆ ಅಷ್ಟೂ ಹೊಗೇನ ನಿಮ್ಮ ಅಟ್ಟಕ್ಕೇ ತುಂಬ್ಕೊಳ್ಳಿ, ನನ್ನ ಸೊಸೆ ಕಣ್ಣಿಗೆ ಮಾತ್ರ ಬೇಡ" ಎಂದೆ. ಸಿಟ್ಟಿಗೆ ಅಂದ ಮಾತಷ್ಟೆ. ಆ ಹುಡುಗಿ ಪಟದಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. "ಕೊಳವೀನ ಅಟ್ಟದಲ್ಲೇ ನಿಲ್ಲಿಸಿಬಿಟ್ರೆ?" ಎಂದಳು. ಗಿಡ್ಡಮ್ಮ, "ಆಯ್ತದೆ ಬುಡಿ, ಕಿಡಿ ಹಾರ್ದಂಗೆ ಮೇಲೊಂದು ತೂತಿನ ಮಡಕೆ ಬೋರ್ಲಾಕಾನ" ಎಂದಳು.

ಮೊದಲ ದಿನ ಆಗಲಿಲ್ಲ. ಅಟ್ಟದ ಹಲಗೆಗಳ ಸಂದಿನಿಂದ ಹೊಗೆಯೆಲ್ಲ ಕೆಳಗೆ ಇಳಿದು, ಮಾವನವರು ಮುದ್ದೆಯ ತಟ್ಟೆ ಹಿಡಿದುಕೊಂಡೇ ಬೀದಿಗೆ ಓಡಿದರು. ನೀನು ಇರಬೇಕಿತ್ತು! ಆಮೇಲೆ ಸಂದುಗಳಿಗೆಲ್ಲ ಮಣ್ಣು ಸಗಣಿ ಮೆತ್ತಿದೆವು. ಕೊಳವಿಗೆ ಸರಿಸಿ ಮುಚ್ಚುವ ಒಂದು ಬಿಲ್ಲೆ ಇಟ್ಟು, ಹೊಗೆಯನ್ನು ಹೆಚ್ಚು ಕಡಿಮೆ ಮಾಡುವುದನ್ನು ಕೋಮಲವಲ್ಲಿ ತೋರಿಸಿದಳು. ಕಿಡಿಯ ಭಯಕ್ಕೆ ಮಾವನವರು ಪಕ್ಕದಲ್ಲಿ ಕೊಡ ನೀರಿಟ್ಟುಕೊಂಡೇ ಒಂದಷ್ಟು ದಿನ ಉಂಡರು. ಈಗ ಅಟ್ಟದಲ್ಲಿ ಹೊಗೆ, ಕೆಳಗೆ ನಿರ್ಮಲ. ಕೆಟ್ಟ ಕಾಯಿ ಕೆಟ್ಟವು, ಎಣ್ಣೆಗೆ ಹೋದವು. ಉಳಿದವುಗಳಲ್ಲಿ ಮೊನ್ನೆ ಒಂದು ಸದ್ದು ಮಾಡಿತು. ಅದನ್ನು ಹಿಡಿದು ಮಾವನವರು ಮನೆಮನೆಗೆ ಹೋಗಿ ಎಲ್ಲರ ಕಿವಿಯ ಹತ್ತಿರ ಅಲ್ಲಾಡಿಸಿ ಬಂದರು.

ಈಗ ಗಿಡ್ಡಮ್ಮನಿಗೆ ಪುರುಸೊತ್ತಿಲ್ಲ. ಮಡಕೆಗಿಂತ ಕೊಳವಿಗೇ ಗಿರಾಕಿ. ಹಗರೆಯಿಂದಲೂ ಕೇಳಿಕೊಂಡು ಬಂದಿದ್ದಾರೆ. ಒಂದೊಂದು ಮನೆಯ ಅಟ್ಟ ಒಂದೊಂದು ಎತ್ತರವಾದ್ದರಿಂದ ಮೊದಮೊದಲು ಇವರದು ಅವರಿಗೆ ಹೋಗಿ ರಾದ್ಧಾಂತವಾಯಿತು. ಈಗ ಹಸಿ ಮಣ್ಣಿನ ಮೇಲೇ ಕಡ್ಡಿಯಿಂದ ಮನೆಯವರ ಹೆಸರು ಗೀಚುತ್ತಾಳೆ. ಮಾದಮ್ಮನೂ ಅವಳ ಜೊತೆ ಕೂಡಿದ್ದಾಳೆ. ಚಿಕ್ಕಣ್ಣನ ಕೊಳವಿಯ ಮೇಲೆ ಅವನ ಹೆಸರನ್ನು ಬೇಕೆಂದೇ ದಪ್ಪಕ್ಷರದಲ್ಲಿ ಬರೆದು ಕೊಟ್ಟರು. ಅವನ ಹೆಂಡತಿ ಈಗ ಜಗಲಿಗೆ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಾಳೆ. ಬ್ಲಾಕ್ ಆಫೀಸಿನ ಸಾಹೇಬರು ಬಂದು ನೋಡಿ ಮೆಚ್ಚಿದರು. ಕೋಮಲವಲ್ಲಿ ಯಥಾಪ್ರಕಾರ ಬೈಸಿಕೊಂಡು ನಗುತ್ತಿದ್ದಾಳೆ.

ಕೂಸಿಗೆ ಎಣ್ಣೆ ಒತ್ತುವಾಗ ನೆತ್ತಿ ಮರೆಯಬೇಡ. ನಿಮ್ಮ ತಂದೆಯವರಿಗೂ ತಾಯಿಯವರಿಗೂ ನಮ್ಮ ಶರಣುಗಳು. ನಿನಗೂ ಮೊಮ್ಮಗಳಿಗೂ ಗುರುಗಳ ಕೃಪೆ ಸದಾ ಇರಲಿ.

ನಿನ್ನ ಅತ್ತೆ
ವಿಶಾಲಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದೆ. ಮಾವನವರು ಬಂದು ಏನೇನು ಬರೆದೆ ಎಂದರು. ಒಲೆ, ಅಟ್ಟ, ಗಿಡ್ಡಮ್ಮ ಎಂದೆ. "ಅದೆಲ್ಲ ಸರಿ, ಬಾ ಅಂತ ಬರ್ದ್ಯಾ?" ಎಂದರು. ಬರೆದಿರಲಿಲ್ಲ. ಇಷ್ಟು ಮಾತಾಡುವ ನನಗೆ ಆ ಒಂದು ಮಾತಿಗೆ ಹೆದರಿಕೆ, ನೀನು ಒಲ್ಲೆ ಅಂದರೆ ಎಂದು. ಈಗ ಬರೆಯುತ್ತಿದ್ದೇನೆ. ದೀಪಾವಳಿ ಕಳೆದ ಮೇಲೆ ಕೂಸನ್ನು ಎತ್ತಿಕೊಂಡು ಬಾ, ನಿಮ್ಮ ತಾಯಿಯನ್ನೂ ಕರೆದುಕೊಂಡು ಬಾ. ಅವರು ಒಂದು ತಿಂಗಳು ಇರಲಿ, ಆ ಒಲೆಯ ಮುಂದೆ ತಾವೇ ಕೂತು ಅಡಿಗೆ ಮಾಡಿ ನೋಡಲಿ. ಆಮೇಲೂ ಬೇಡವೆನ್ನಿಸಿದರೆ ನಿಮ್ಮನ್ನು ನಾನೇ ಗಾಡಿ ಹೂಡಿಸಿ ಕಳಿಸುತ್ತೇನೆ, ತುಟಿ ಪಿಟಕ್ಕೆನ್ನುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಯಾರಿಗೂ ಇದುವರೆಗೆ ಮಾತು ಕೊಟ್ಟವಳಲ್ಲ, ನಿಮ್ಮ ಮಾವನವರಿಗೂ ಕೊಟ್ಟಿಲ್ಲ. ನಿನಗೆ ಕೊಡುತ್ತಿದ್ದೇನೆ ಮಗಳೇ, ಬಾ.